ಅಳತೆ ತಪ್ಪದ ಪೆಟ್ಟಿಗೆ

ತಾಲೂಕು ಕಚೇರಿಗೆ ಸುಧಾರಣೆ ಬಂತು. ಇನ್ನು ಮೇಲೆ ಯಾರೂ ದೂರನ್ನು ಬಾಯಲ್ಲಿ ಹೇಳುವಂತಿಲ್ಲ, ಬರೆದು ಪೆಟ್ಟಿಗೆಗೆ ಹಾಕಬೇಕು. ಮೇಲಿನವರ ಆದೇಶದಲ್ಲಿ ಪೆಟ್ಟಿಗೆಯ ಉದ್ದ, ಅಗಲ, ಕೆಂಪು ಬಣ್ಣ, ಎರಡು ಬೀಗ ಎಲ್ಲ ನಮೂದಾಗಿತ್ತು. ಬಡಗಿ ಅದರಂತೆಯೇ ಮಾಡಿಕೊಟ್ಟ.

ವರ್ಷ ತುಂಬಿದ ದಿನ ಬೀಗ ತೆಗೆದರೆ ಒಳಗೆ ಒಂದು ಚೀಟಿಯೂ ಇಲ್ಲ. ತಹಶೀಲ್ದಾರ್ ವೀರಭದ್ರಗೌಡರು ಉಬ್ಬಿಹೋದರು. ‘ನಮ್ಮ ತಾಲೂಕಿನಲ್ಲಿ ದೂರೇ ಇಲ್ಲ’ ಎಂದು ವರದಿ ಬರೆಸಿ, ಸಾಕ್ಷಿಗೆ ರುಜು ಹಾಕೆಂದು ಜವಾನ ಮಲ್ಕಾಜಪ್ಪನ ಮುಂದೆ ಹಿಡಿದರು. ಹಾಕದಿದ್ದರೆ ನಾಳೆಯೇ ವರ್ಗ.

ಮಲ್ಕಾಜಪ್ಪ ವರದಿ ನೋಡಿದ, ಪೆಟ್ಟಿಗೆ ನೋಡಿದ. “ಹಾಕ್ತೀನ್ರಿ ಸಾಹೇಬ್ರ. ಆದ್ರ ಮ್ಯಾಲಿನವ್ರಿಗೆ ಖಾಲಿ ಪೆಟ್ಟಿಗಿ ತೋರ್ಸೂದು ಛಲೋ ಕಾಣಂಗಿಲ್ಲ. ಬೀಗ ಹಾಕಿ, ‘ಸುಧಾರಣಾ ಛಲೋ ಐತಿ’ ಅಂತ ಒಂದು ಚೀಟಿ ನಿಮ್ಮ ಕೈಯಾರೆ ಹಾಕ್ರಿ.”

ಸಾಹೇಬರಿಗೆ ಮಾತು ಹಿಡಿಸಿತು. ಬೀಗ ಹಾಕಿಸಿ, ಚೀಟಿ ಬರೆದು ಮಡಚಿ, ಪೆಟ್ಟಿಗೆಯ ಮುಂದೆ ನಿಂತರು. ಮೇಲೆ ತಡವಿದರು. ಪಕ್ಕ ತಡವಿದರು. ಬಗ್ಗಿ ತಳವನ್ನೂ ತಡವಿದರು. ಚೀಟಿ ತೂರಿಸಲು ಎಲ್ಲೂ ಕಿಂಡಿಯೇ ಇರಲಿಲ್ಲ.

ಆದೇಶ ತರಿಸಿ ಓದಿದರು. ಅದರಲ್ಲಿ ಕಿಂಡಿಯ ಸುದ್ದಿಯೇ ಇಲ್ಲ. ಪೆಟ್ಟಿಗೆ ಸರಿಯಿದೆಯೆಂದು ರುಜು ಹಾಕಿದವರು ತಾವೇ. ಕೈಯಲ್ಲಿದ್ದ ಚೀಟಿಯನ್ನು ಜೇಬಿಗೆ ತುರುಕಿದರು.

“ವರ್ಷ ಪೂರ್ತಿ ಒಬ್ಬರಾದ್ರೂ ಇದನ್ನ ನನಗ ಹೇಳಬಾರದೇನಪಾ?” ಎಂದರು ಸಾಹೇಬರು.

“ದಿನಾ ಹೇಳಾಕ ಬರ್ತಿದ್ರು ಸಾಹೇಬ್ರ. ಬಾಯಿಲೆ ಹೇಳಬ್ಯಾಡ್ರಿ, ಬರದು ಪೆಟ್ಟಿಗ್ಯಾಗ ಹಾಕ್ರಿ ಅಂತ ನೀವ ಕಳಿಸಿದ್ರಿ.”