ಅಂಗಡಿಯಲ್ಲೇ ಕಲ್ಲಿಗೆ ಪೂಜೆ

ನಮ್ಮ ಚಿಕ್ಕಮ್ಮ ತುಂಗಮ್ಮನ ಹತ್ತಿರ ಯಾರ ಆಟವೂ ನಡೆಯೋದಿಲ್ಲ. ಹೊಸ ಮನೆಯ ಅಡುಗೆ ಕಟ್ಟೆಗೆ ಕಲ್ಲು ನೋಡಲು ಹೋದಾಗ ಅಂಗಡಿ ಯಜಮಾನ ಮೂಗು ಮುರಿದ.

"ಕರಿ ಗ್ರಾನೈಟ್ ಈಗ ಯಾರಮ್ಮ ಹಾಕಿಸ್ತಾರೆ? ಈ ಬಿಳಿ ಮಾರ್ಬಲ್ ತಗೊಳ್ಳಿ. ಏನು ಚೆಲ್ಲಿದರೂ ಕಲೆ ಆಗಲ್ಲ."

ಚಿಕ್ಕಪ್ಪ ಆಗಲೇ ತಲೆಯಾಡಿಸಿಬಿಟ್ಟಿದ್ದರು.

"ಆಯ್ತಪ್ಪ. ಶುಕ್ರವಾರ ಬೇರೆ, ಕಲ್ಲಿಗೆ ಪೂಜೆ ಮಾಡೇ ಹೊರಡ್ತೀವಿ" ಅಂದಳು ಚಿಕ್ಕಮ್ಮ. ದೇವಸ್ಥಾನದಿಂದ ತಂದಿದ್ದ ಅರಿಶಿನವನ್ನು ಅಂಗೈಯಲ್ಲಿ ನೀರು ಹಾಕಿ ಕಲಸಿದಳು. ಬೆರಳಲ್ಲಿ ತೆಗೆದುಕೊಂಡು ಬಿಳಿ ಕಲ್ಲಿನತ್ತ ಬಗ್ಗಿದಳು.

ಯಜಮಾನ ಕುರ್ಚಿ ಬೀಳಿಸಿಕೊಂಡು ಓಡಿಬಂದ. "ಅಯ್ಯೋ, ಬೇಡ ತಾಯಿ! ಆ ಕಲೆ ಜನ್ಮದಲ್ಲಿ ಹೋಗಲ್ಲ!"

"ನಮ್ಮ ಅಡುಗೆಮನೇಲಿ ದಿನಾ ಅರಿಶಿನ ಚೆಲ್ಲುತ್ತಪ್ಪ" ಅಂದಳು ಚಿಕ್ಕಮ್ಮ.

ಅದೇ ಬೆರಳನ್ನು ಪಕ್ಕದ ಕರಿ ಗ್ರಾನೈಟಿಗೆ ಒತ್ತಿದಳು. "ಪೂಜೆ ಆಯ್ತು. ಇದನ್ನ ಗಾಡಿಗೆ ಹಾಕಿಸಿ."