ಸಿಡಿ ಪ್ಲೇಯರಿಗೆ ಸಿಕ್ಕ ಹೊಗಳಿಕೆ

ಪದ್ಮನಾಭಯ್ಯ ಊರೆಲ್ಲ ಹುಡುಕಿ ತಂದ ಹಳೆಯ ಸಿಡಿ ಪ್ಲೇಯರಿನ ಸಂಗೀತ ಕೇಳಲು ಗೆಳೆಯರು ಬಂದಿದ್ದರು. ಪದ್ಮನಾಭಯ್ಯ ಆಂಪ್ಲಿಫೈಯರ್ ಹಾಕಿದೊಡನೆ, ಬೆಳಿಗ್ಗೆ ಅದಕ್ಕೆ ಜೋಡಿಸಿ ಮರೆತಿದ್ದ ಮೊಬೈಲಿನ ವೀಣೆ ಸ್ಪೀಕರಿನಲ್ಲಿ ಕೇಳಿಬಂತು.

"ಆಹಾ! ಮೊಬೈಲಿನಲ್ಲಿ ಈ ಇಂಪು ಎಲ್ಲಿ ಬರಬೇಕು!" ಎಂದು ಗೆಳೆಯರು ತಲೆದೂಗಿದರು.

"ನುಡಿಯುತ್ತಿರುವುದು ನಾನಲ್ಲವೇ, ಸ್ವಾಮಿ?" ಎಂದು ಮೊಬೈಲು ಪ್ಲೇಯರನ್ನು ಕೇಳಿತು.

"ಗೊತ್ತು, ಸುಮ್ಮನಿರು. ಯಜಮಾನರಿಗೂ ಗೊತ್ತು" ಎಂದಿತು ಪ್ಲೇಯರ್.

ಪದ್ಮನಾಭಯ್ಯ ಇನ್ನೂ ಹಾಕದೆ ಕೈಯಲ್ಲೇ ಇದ್ದ ಸಿಡಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿ, ತಾವೂ ತಲೆದೂಗಿದರು.

"ಹಳೇ ಪ್ಲೇಯರಿನ ಸಿಡಿ ಟ್ರೇ ಜಾರಿ ಬರುವ ಚೆಂದವೇ ಬೇರೆ" ಎನ್ನುತ್ತ ಗೆಳೆಯರೊಬ್ಬರು ಗುಂಡಿ ಒತ್ತಿದರು. ಪ್ಲೇಯರ್ ಹಲ್ಲು ಕಚ್ಚಿ ತಡೆಯಲು ನೋಡಿತು. ಆದರೂ ಖಾಲಿ ಟ್ರೇ ಎಲ್ಲರೆದುರು ಹೊರಗೆ ಬಂತು. ತೂಗುತ್ತಿದ್ದ ತಲೆಗಳೆಲ್ಲ ನಿಂತವು.

ವೀಣೆ ಮಾತ್ರ ನಿಲ್ಲಲಿಲ್ಲ.