ಗೋಪುರದ ಸಸಿ, ಗುಮ್ಮಟದ ಸಸಿ

ಗುಡಿಯ ಗೋಪುರದಲ್ಲಿದ್ದ ಮುದಿ ಪಾರಿವಾಳಕ್ಕೆ ಕೆಳಗಿನ ಅಂಗಳ ಕಂಡಾಗಲೆಲ್ಲ ಹಳೆಯ ದಿನಗಳು ನೆನಪಾಗುತ್ತಿದ್ದವು. ಆಗ ಗುಡಿಯ ಹಿಂಡೂ ಎದುರಿನ ದರ್ಗಾದ ಹಿಂಡೂ ಅಲ್ಲಿ ಕೂಡಿಯೇ ಜೋಳ ಹೆಕ್ಕುತ್ತಿದ್ದವು. ಈಗ ಒಂದು ಹಿಂಡು ಇಳಿದರೆ ಇನ್ನೊಂದು ಇಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅದು ದರ್ಗಾದ ಮುದಿ ಪಾರಿವಾಳವನ್ನು ಕರೆದು ಹೇಳಿತು: “ಅಕ್ಕಾ, ನಿಮ್ಮ ಗುಮ್ಮಟದ ಬಿರುಕಿನಲ್ಲಿ ಅರಳಿ ಸಸಿ ಎದ್ದಿದೆ. ಬೇರು ಬಲಿತರೆ ಗುಮ್ಮಟ ಎಲ್ಲರ ಮೇಲೂ ಬೀಳುತ್ತದೆ.”

“ನಿಮ್ಮ ಗೋಪುರದಲ್ಲೂ ಒಂದು ಎದ್ದಿದೆಯಲ್ಲ, ತಂಗಿ.”

“ಅದು ದೇವರ ಗಿಡ. ಅದರಿಂದೇನು ಅಪಾಯ?”

“ನಮ್ಮವರೂ ನಮ್ಮದನ್ನು ಬಾಬಾ ಕೊಟ್ಟದ್ದು ಅನ್ನುತ್ತಾರೆ.”

ಗುಡಿಯ ಪಾರಿವಾಳ ತಲೆಯೆತ್ತಿ ತನ್ನ ಗೋಪುರದ ಸಸಿಯನ್ನು ನೋಡಿತು. ಆಮೇಲೆ ಎರಡೂ ತಂತಮ್ಮ ಸಸಿ ಕೀಳಲು ಹಾರಿದವು.

ಗೋಪುರದ ಸಸಿಗೆ ಗುಡಿಯ ಪಾರಿವಾಳ ಕೊಕ್ಕು ಹಾಕಿತೋ ಇಲ್ಲವೋ, “ದೇವರ ಗಿಡವನ್ನೇ ಕೀಳುತ್ತೀಯಾ, ದ್ರೋಹಿ!” ಎಂದು ಅದರ ಮೊಮ್ಮಕ್ಕಳೇ ಮೈಮೇಲೆ ಬಿದ್ದು ಕುಕ್ಕಿ ಓಡಿಸಿದವು.

ಪುಕ್ಕ ಕಿತ್ತುಹೋದ ಕತ್ತಿನೊಡನೆ ಅದು ಅಂಗಳಕ್ಕಿಳಿಯಿತು. ದರ್ಗಾದ ಪಾರಿವಾಳ ಆಗಲೇ ಬಂದು ಕೂತಿತ್ತು. ಅದರ ಕತ್ತೂ ಬೋಳಾಗಿತ್ತು.

ಮೇಲೆ ಎರಡೂ ಸಸಿಗಳು ಗಾಳಿಗೆ ತಲೆದೂಗುತ್ತಿದ್ದವು. ಕೆಳಗೆ ಜೋಳದ ರುಚಿ ಹಿಂದಿನಂತೆಯೇ ಇತ್ತು. ಅಷ್ಟು ದೊಡ್ಡ ಅಂಗಳದಲ್ಲಿ ಕೂಡಿ ತಿನ್ನುವವರು ಮಾತ್ರ ಇಬ್ಬರೇ.